ಅಂಚೆಯಲ್ಲಿ ಬಂದ ರೋಗ: ಒಂದು ಫ್ಲಾಪಿಯ ಚರಿತ್ರೆ



ಗಣಕಯಂತ್ರಕ್ಕೆ ತಗಲುವ ವೈರಸ್ಸಿಗೂ ನಮ್ಮ ಮೈಗೆ ತಗಲುವ ವೈರಸ್ಸಿಗೂ ಹೆಸರಿನಲ್ಲಿ ಮಾತ್ರ ನಂಟು ಎಂದು ನಾವು ಐಟಿ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇವೆ. ಹೇಳುವುದು ತಪ್ಪಲ್ಲ. ಆದರೆ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ನಂಟು ಅಷ್ಟಕ್ಕೇ ನಿಲ್ಲುವುದಿಲ್ಲ. ಕಂಪ್ಯೂಟರಿನಲ್ಲಿರುವ ಕಡತಗಳಿಗೆ ಬೀಗ ಜಡಿದು "ಹಣ ಕೊಟ್ಟರೆ ಮಾತ್ರ ಬಿಡುತ್ತೇವೆ" ಎನ್ನುವ ದಂಧೆಯ ವಿಚಾರ ಈಗ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ರ್‍ಯಾನ್ಸಂವೇರ್ ಎನ್ನುತ್ತಾರೆ. ನಾನು ಇಲ್ಲಿ ಸುಲಿಗೆ ತಂತ್ರಾಂಶ ಎಂದು ಕರೆಯುತ್ತೇನೆ. ಈ ಸುಲಿಗೆ ಮೊದಲ ಬಾರಿಗೆ ನಡೆದದ್ದು ಯಾವುದೋ ಬ್ಯಾಂಕಿನ ಮೇಲಲ್ಲ, ಸೈನ್ಯದ ಮೇಲಲ್ಲ. ಕಾಯಿಲೆಯೊಂದರ ಬಗ್ಗೆ ತಿಳಿದುಕೊಳ್ಳಬೇಕೆಂದು ಬಯಸಿದವರ ಮೇಲೆ.

ಕಂಪ್ಯೂಟರ್ ವೈರಸ್ ಎಂಬ ಹೆಸರು ಬಂದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. 1983ರ ನವೆಂಬರಿನಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ, ತನ್ನನ್ನು ತಾನೇ ನಕಲು ಮಾಡಿಕೊಂಡು ಬೇರೆ ಪ್ರೋಗ್ರಾಮುಗಳ ಒಳಗೆ ಸೇರಿಕೊಳ್ಳುವ ಪುಟ್ಟ ಪ್ರೋಗ್ರಾಮ್ ಒಂದನ್ನು ತರಗತಿಯಲ್ಲಿ ತೋರಿಸಿದ. ಅದಕ್ಕೆ ವೈರಸ್ ಎಂದು ಹೆಸರು ಸೂಚಿಸಿದವರು ಅವನ ಗುರುಗಳು, ಲೆನ್ ಏಡಲ್‌ಮನ್. ಈ ಗುರುಗಳ ಹೆಸರು ನೆನಪಿರಲಿ.

ಈಗ 1989ಕ್ಕೆ ಬನ್ನಿ. ಆ ಕಾಲದಲ್ಲಿ ಏಡ್ಸ್ ಎಂದರೆ ಜನ ಹೇಗೆ ನಡುಗುತ್ತಿದ್ದರು ಎಂಬುದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಭಾರತದಲ್ಲಿ ಎಚ್‌ಐವಿ ಇರುವುದು ಪತ್ತೆಯಾದದ್ದು 1986ರಲ್ಲಿ. ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಕಂಡುಹಿಡಿದರು. ಎಝಡ್‌ಟಿ ಎಂಬ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ, ಅದೂ ಬಡವರ ಕೈಗೆ ಎಟುಕದ ಬೆಲೆಗೆ. ರೋಗ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದರ ಬಗ್ಗೆ ಬಾಯಿಗೆ ಬಂದ ಮಾತುಗಳೇ ಹೆಚ್ಚು. ಸರಿಯಾದ ಮಾಹಿತಿ ಸಿಕ್ಕರೆ ಸಾಕಪ್ಪಾ ಎಂದು ವೈದ್ಯರೂ ಸಾಮಾನ್ಯರೂ ಕಾಯುತ್ತಿದ್ದರು.

ಇಂಥ ಹೊತ್ತಿನಲ್ಲಿ, 1989ರ ಡಿಸೆಂಬರಿನಲ್ಲಿ, ಲಂಡನ್ನಿನಿಂದ ಸುಮಾರು 20,000 ಲಕೋಟೆಗಳು ಅಂಚೆಗೆ ಬಿದ್ದವು. ಪ್ರತಿ ಲಕೋಟೆಯ ಒಳಗೆ ಒಂದು ಫ್ಲಾಪಿ. ಅದರ ಮೇಲೆ 'ಏಡ್ಸ್ ಇನ್ಫರ್ಮೇಶನ್' ಎಂದು ಅಚ್ಚಾಗಿತ್ತು. ಕಳುಹಿಸಿದವರು 'ಪಿಸಿ ಸೈಬೋರ್ಗ್ ಕಾರ್ಪೊರೇಶನ್' ಎಂಬ ಕೇಳರಿಯದ ಕಂಪನಿ. ಲಕೋಟೆಗಳು ಹೋದದ್ದು ಯಾರಿಗೆ? ಒಂದು ಕಂಪ್ಯೂಟರ್ ಪತ್ರಿಕೆಯ ಚಂದಾದಾರರಿಗೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಸಮ್ಮೇಳನಕ್ಕೆ ಹೋಗಿ ಬಂದವರಿಗೆ. ಅಂದರೆ ವಿಳಾಸಗಳ ಪಟ್ಟಿಯನ್ನು ಯಾರೋ ಯೋಚಿಸಿಯೇ ಆರಿಸಿದ್ದರು.

(ಫ್ಲಾಪಿ ಎಂದರೇನು ಎಂದು ಕೇಳುವ ಮಕ್ಕಳಿಗೆ: ಚಪ್ಪಟೆಯ ಚೌಕಾಕಾರದ ಹೊದಿಕೆ, ಒಳಗೆ ತೆಳ್ಳಗಿನ ಕಾಂತೀಯ ತಟ್ಟೆ. ಈಗಿನ ಪೆನ್‌ಡ್ರೈವಿನ ಅಜ್ಜ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋವೂ ಅದರಲ್ಲಿ ಹಿಡಿಸಲಾರದು.)

ಫ್ಲಾಪಿಯನ್ನು ಹಾಕಿದರೆ ನಿಜವಾಗಿಯೂ ಒಂದು ಪ್ರಶ್ನಾವಳಿ ತೆರೆಯುತ್ತಿತ್ತು. ನಿಮ್ಮ ಜೀವನಕ್ರಮ ಹೇಗೆ ಎಂದೆಲ್ಲ ಕೇಳಿ, ಉತ್ತರಗಳ ಮೇಲೆ ನಿಮಗೆ ಏಡ್ಸ್ ತಗಲುವ ಅಪಾಯ ಎಷ್ಟಿದೆ ಎಂದು ಹೇಳಿ ಸಲಹೆಯನ್ನೂ ಕೊಡುತ್ತಿತ್ತು. ಯಾರಿಗೂ ಏನೂ ಅನುಮಾನ ಬರುವಂತಿರಲಿಲ್ಲ. ಆದರೆ ಅದೇ ಹೊತ್ತಿಗೆ ಹಿಂದಿನಿಂದ ಇನ್ನೊಂದು ಪ್ರೋಗ್ರಾಮ್ ಹಾರ್ಡ್ ಡಿಸ್ಕಿನಲ್ಲಿ ಅಡಗಿ ಕೂತು, ಕಂಪ್ಯೂಟರನ್ನು ಎಷ್ಟು ಸಲ ಹಚ್ಚುತ್ತಾರೆ ಎಂದು ಎಣಿಸತೊಡಗುತ್ತಿತ್ತು. ಎಣಿಕೆ ಸುಮಾರು 90 ಮುಟ್ಟಿದಾಗ ಕಡತಗಳ ಹೆಸರುಗಳೆಲ್ಲ ಗುಪ್ತಲಿಪಿಗೆ ತಿರುಗಿ ಅರ್ಥವಾಗದ ಅಕ್ಷರಗಳಾಗುತ್ತಿದ್ದವು, ಕಡತಗಳು ಕಣ್ಣಿಗೆ ಕಾಣದಂತಾಗುತ್ತಿದ್ದವು. ಆಮೇಲೆ ಪರದೆಯ ಮೇಲೆ ಒಂದು ಸೂಚನೆ: ಪ್ರಿಂಟರನ್ನು ಹಚ್ಚಿ. ಪ್ರಿಂಟರಿನಿಂದ ಹೊರಬರುತ್ತಿದ್ದದ್ದು ಬಿಲ್ಲು! 365 ಸಲ ಬಳಸುವುದಕ್ಕೆ 189 ಡಾಲರ್, ಹಾರ್ಡ್ ಡಿಸ್ಕ್ ಇರುವಷ್ಟು ಕಾಲ ಬಳಸುವುದಕ್ಕೆ 378 ಡಾಲರ್. ಹಣವನ್ನು ಪನಾಮಾ ದೇಶದ ಒಂದು ಅಂಚೆ ಪೆಟ್ಟಿಗೆಗೆ ಕಳುಹಿಸಬೇಕು.

ಇದರಲ್ಲಿ ನನಗೆ ತುಂಬ ಸೋಜಿಗ ಎನಿಸುವ ಸಂಗತಿ ಬೇರೆಯೇ ಇದೆ. ಫ್ಲಾಪಿಯ ಜೊತೆ ಒಂದು ಕರಾರುಪತ್ರ ಇತ್ತು. ಹಣ ಕೊಡದೆ ಬಳಸಿದರೆ ನಿಮ್ಮ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುವುದು ನಿಲ್ಲಬಹುದು ಎಂದು ಅದರಲ್ಲಿ ಬರೆದೇ ಇತ್ತು. ಕಳ್ಳ ಮುಂಚಿತವಾಗಿ ಕಾಗದ ಬರೆದು ತಿಳಿಸಿದ್ದ. ಓದಿದವರು ಎಷ್ಟು ಜನ? ನಾವು ಈಗ ಮೊಬೈಲಿನಲ್ಲಿ 'ಒಪ್ಪಿಗೆ' ಎಂದು ಒತ್ತುವ ಮೊದಲು ಎಷ್ಟು ಓದುತ್ತೇವೋ ಅಷ್ಟೇ ಇರಬೇಕು.

ತಾಂತ್ರಿಕವಾಗಿ ನೋಡಿದರೆ ಈ ಫ್ಲಾಪಿಯ ಬೀಗ ಬಹಳ ದುರ್ಬಲ. ಕೆಟ್ಟದ್ದು ಹೆಸರುಗಳು ಮಾತ್ರ, ಕಡತಗಳ ಒಳಗಿನ ಬರಹ ಹಾಗೆಯೇ ಇತ್ತು. ಜೊತೆಗೆ, ಬೀಗ ಹಾಕಲು ಬಳಸಿದ ಕೀಲಿಯೇ ಬೀಗ ತೆಗೆಯಲೂ ಸಾಕಾಗುತ್ತಿತ್ತು, ಮತ್ತು ಆ ಕೀಲಿ ಪ್ರೋಗ್ರಾಮಿನ ಒಳಗೇ ಇತ್ತು. ಮನೆಗೆ ಬೀಗ ಹಾಕಿ ಕೀಲಿಯನ್ನು ಮೆಟ್ಟಿಲ ಬದಿಯ ಹೂಕುಂಡದ ಅಡಿಯಲ್ಲಿ ಇಟ್ಟ ಹಾಗೆ. ಬ್ರಿಟನ್ನಿನ ಜಿಮ್ ಬೇಟ್ಸ್ ಎಂಬ ತಜ್ಞರು ಇದನ್ನು ಬಿಡಿಸಿ ನೋಡಿ, ಕಡತಗಳನ್ನು ಮರಳಿ ಪಡೆಯುವ ಪ್ರೋಗ್ರಾಮುಗಳನ್ನು ಸ್ವಲ್ಪ ಸಮಯದಲ್ಲೇ ಬರೆದು ಹಂಚಿದರು. ಅಷ್ಟು ದಿನ ಸುಮ್ಮನೆ ಕಾದಿದ್ದರೆ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ.

ಆದರೆ ಎಲ್ಲರೂ ಕಾಯಲಿಲ್ಲ. ಹೆದರಿದ ಕೆಲವರು ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿಬಿಟ್ಟರು. ಇಟಲಿಯ ಒಂದು ಏಡ್ಸ್ ಸಂಸ್ಥೆ ಹೀಗೆ ಹತ್ತು ವರ್ಷಗಳ ಕೆಲಸವನ್ನು ಕಳೆದುಕೊಂಡಿತೆಂದು ಆಗ ವರದಿಯಾಗಿತ್ತು. ಫ್ಲಾಪಿ ಅದನ್ನು ಅಳಿಸಿರಲಿಲ್ಲ. ಅಳಿಸಿದ್ದು ಹೆದರಿಕೆ.

ಕಳುಹಿಸಿದವನು ಯಾರು? ಜೋಸೆಫ್ ಪಾಪ್ ಎಂಬ ಅಮೆರಿಕದ ವಿಜ್ಞಾನಿ. ಕಂಪ್ಯೂಟರ್ ತಜ್ಞನೇನೂ ಅಲ್ಲ. ಹಾರ್ವರ್ಡಿನಲ್ಲಿ ಓದಿದ ಜೀವವಿಕಾಸ ಶಾಸ್ತ್ರಜ್ಞ, ಕೀನ್ಯಾದಲ್ಲಿ ಬಬೂನ್ ಕೋತಿಗಳ ಮೇಲೆ ಅಧ್ಯಯನ ಮಾಡಿದವನು. ಆಫ್ರಿಕಾದಿಂದ ಮರಳುವಾಗ ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಪೆಟ್ಟಿಗೆಯ ಮೇಲೆ 'ಡಾ. ಪಾಪ್‌ಗೆ ವಿಷ ಹಾಕಲಾಗಿದೆ' ಎಂಬರ್ಥದ ಮಾತು ಬರೆದು ಪೊಲೀಸರ ಕಣ್ಣಿಗೆ ಬಿದ್ದ. 1990ರಲ್ಲಿ ಒಹಾಯೊದಲ್ಲಿ ಬಂಧನವಾಯಿತು, ವಿಚಾರಣೆಗಾಗಿ ಬ್ರಿಟನ್ನಿಗೆ ಒಪ್ಪಿಸಲಾಯಿತು. ಬಂದ ಹಣವನ್ನು ಏಡ್ಸ್ ಸಂಶೋಧನೆಗೆ ಕೊಡುವ ಉದ್ದೇಶವಿತ್ತು ಎಂದು ಆತ ಹೇಳಿಕೊಂಡ. ಅದು ನಿಜವೋ ಸುಳ್ಳೋ ನ್ಯಾಯಾಲಯದಲ್ಲಿ ತೀರ್ಮಾನವಾಗಲೇ ಇಲ್ಲ. ತಲೆಗೆ ರಟ್ಟಿನ ಪೆಟ್ಟಿಗೆ ಹಾಕಿಕೊಂಡು ತಿರುಗುವುದೇ ಮೊದಲಾದ ವರ್ತನೆಗಳಿಂದಾಗಿ ಮಾನಸಿಕವಾಗಿ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಎಂದು 1991ರಲ್ಲಿ ನ್ಯಾಯಾಧೀಶರು ಬಿಟ್ಟುಬಿಟ್ಟರು. ನ್ಯೂಯಾರ್ಕ್ ರಾಜ್ಯದ ಒನಿಯೊಂಟಾದಲ್ಲಿ ಮುಂದೆ ಆತನ ಹೆಸರಿನ ಚಿಟ್ಟೆಗಳ ಉದ್ಯಾನವೊಂದು ಆರಂಭವಾಯಿತು. ಚರಿತ್ರೆಯಲ್ಲಿ ಇಂಥ ವಿಚಿತ್ರಗಳೂ ಸಿಗುತ್ತವೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಒಬ್ಬ ತಲೆಕೆಟ್ಟವನ ಚೇಷ್ಟೆ ಎಂದು ಮರೆಯಬಹುದಿತ್ತು. ಆದರೆ 1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ಸಂಶೋಧಕರು ಒಂದು ಎಚ್ಚರಿಕೆಯ ಲೇಖನ ಬರೆದರು. ಪಾಪ್‌ನ ಬೀಗ ದುರ್ಬಲವಾಗಿತ್ತು ನಿಜ, ಆದರೆ ಎರಡು ಕೀಲಿಗಳ ಗುಪ್ತಲಿಪಿಯನ್ನು ಬಳಸಿದ್ದರೆ ಯಾರಿಂದಲೂ ಬಿಡಿಸಲಾಗುತ್ತಿರಲಿಲ್ಲ ಎಂದು ಅವರು ತೋರಿಸಿದರು. ಎರಡು ಕೀಲಿ ಎಂದರೆ, ಒತ್ತಿದರೆ ಮುಚ್ಚಿಕೊಳ್ಳುವ ಬೀಗವಿದೆಯಲ್ಲ, ಹಾಗೆ. ಮುಚ್ಚಲು ಯಾರಿಗೂ ಆಗುತ್ತದೆ, ತೆರೆಯಲು ಕೀಲಿ ಇದ್ದವನಿಗೆ ಮಾತ್ರ. ಆ ಕೀಲಿ ಕಳ್ಳನ ಕಿಸೆಯಲ್ಲೇ ಇರುತ್ತದೆ, ನಿಮ್ಮ ಕಂಪ್ಯೂಟರಿಗೆ ಬರುವುದೇ ಇಲ್ಲ. ಈ ಬಗೆಯ ಗುಪ್ತಲಿಪಿಗಳಲ್ಲಿ ಹೆಸರುವಾಸಿಯಾದದ್ದು 1977ರ ಆರ್‌ಎಸ್‌ಎ. ಅದರ ಕೊನೆಯ ಅಕ್ಷರ ಯಾರ ಹೆಸರು ಗೊತ್ತೇ? ಏಡಲ್‌ಮನ್! ವೈರಸ್ ಎಂದು ಹೆಸರಿಟ್ಟ ಅದೇ ಗುರುಗಳು. ನಮ್ಮ ಬ್ಯಾಂಕ್ ವ್ಯವಹಾರವನ್ನು ಕಾಪಾಡಲು ನೆರವಾದ ವಿದ್ಯೆಯೇ ಸುಲಿಗೆಯವರ ಕೈಗೂ ಸಿಕ್ಕಿತು. ಅವರು ಮುಂದೆ ಏಡ್ಸ್ ಬಗ್ಗೆ ಆಸಕ್ತಿ ತಳೆದು, ಎಚ್‌ಐವಿ ಸೋಂಕಾದವರ ಟಿ-ಕೋಶಗಳು ಹೇಗೆ ಕುಂದುತ್ತವೆ ಎಂಬುದರ ಮೇಲೂ ಸಂಶೋಧನೆ ಮಾಡಿದರು. ಗಣಿತ, ಕಂಪ್ಯೂಟರ್, ಕಾಯಿಲೆ ಮೂರೂ ಒಬ್ಬರ ಬದುಕಿನಲ್ಲಿ ಸೇರಿದ್ದನ್ನು ಕಂಡು ನನಗಂತೂ ಬೆರಗಾಯಿತು.

ಸುಲಿಗೆಯವರಿಗೆ ಇನ್ನೊಂದು ತೊಡಕಿತ್ತು. ಪನಾಮಾದ ಅಂಚೆ ಪೆಟ್ಟಿಗೆಯ ಬಳಿ ಪೊಲೀಸರು ಕಾದು ನಿಲ್ಲಬಹುದು. 2009ರಲ್ಲಿ ಬಿಟ್‌ಕಾಯಿನ್ ಬಂದ ಮೇಲೆ ಅದೂ ನೀಗಿತು. 2013ರ ಕ್ರಿಪ್ಟೋಲಾಕರ್ ಎಂಬ ಸುಲಿಗೆ ತಂತ್ರಾಂಶದಲ್ಲಿ ಎರಡು ಕೀಲಿಯ ಬೀಗ, ಬಿಟ್‌ಕಾಯಿನ್ ಹಣ ಎರಡೂ ಜೊತೆಯಾದವು.

2017ರ ಮೇ 12, ಶುಕ್ರವಾರ. ವಾನಾಕ್ರೈ ಎಂಬುದು 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹಬ್ಬಿತು. ಇದಕ್ಕೆ ಯಾರೂ ಫ್ಲಾಪಿ ಹಾಕಬೇಕಿರಲಿಲ್ಲ, ವಿಂಡೋಸಿನ ಒಂದು ಬಿರುಕಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನೇ ಹರಿಯುತ್ತಿತ್ತು. ಕೇಳಿದ್ದು 300 ಡಾಲರ್. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆ ವ್ಯವಸ್ಥೆಯಲ್ಲಿ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 80ರ ಕೆಲಸ ಕೆಟ್ಟಿತು. ರೋಗಿಗಳ ಸುಮಾರು 19,000 ಭೇಟಿಗಳು ರದ್ದಾಗಿರಬೇಕೆಂದು ಅಂದಾಜು ಮಾಡಲಾಯಿತು. ಐದು ಕಡೆ ತುರ್ತು ಚಿಕಿತ್ಸೆಗೆ ಬಂದವರನ್ನು ಬೇರೆ ಆಸ್ಪತ್ರೆಗೆ ಕಳುಹಿಸಬೇಕಾಯಿತು.

ಆ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ಕ್ಕೆ ಕೊಟ್ಟಿತ್ತು. ಸೋಂಕು ತಗಲಿದ ಆಸ್ಪತ್ರೆ ಯಂತ್ರಗಳಲ್ಲಿ ಹೆಚ್ಚಿನವು ತೇಪೆ ಹಾಕದ ವಿಂಡೋಸ್ 7. ಇದನ್ನು ಓದಿ "ಎಂಥ ಉದಾಸೀನ!" ಎನ್ನುವುದು ಸುಲಭ. ಆದರೆ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಓಡುವ ಯಂತ್ರವನ್ನು ನಿಲ್ಲಿಸಿ ಅಪ್‌ಡೇಟ್ ಮಾಡುವುದು ಯಾವಾಗ? ಸ್ಕ್ಯಾನಿಂಗ್ ಯಂತ್ರದ ಒಳಗಿನ ಕಂಪ್ಯೂಟರನ್ನು, ಅದನ್ನು ಮಾರಿದ ಕಂಪನಿಯ ಅಪ್ಪಣೆಯಿಲ್ಲದೆ ಮುಟ್ಟಬಹುದೇ? ಸುಲಿಗೆಯವರಿಗೆ ಆಸ್ಪತ್ರೆ ಹಿಡಿಸುವುದೂ ಇದೇ ಕಾರಣಕ್ಕೆ. ಅಂಗಡಿಯವನು ಎರಡು ದಿನ ಬಾಗಿಲು ಹಾಕಿ ಕಾಯಬಲ್ಲ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವವನು ಕಾಯಲಾರ.

ವಾನಾಕ್ರೈ ನಮ್ಮ ಕೇರಳಕ್ಕೂ ಬಂದಿತ್ತು. ವಯನಾಡಿನ ತರಿಯೋಡ್ ಗ್ರಾಮ ಪಂಚಾಯತ್ ಕಚೇರಿಯ ಕಂಪ್ಯೂಟರುಗಳಿಗೆ ತಗಲಿದ ಸುದ್ದಿ ಆಗ ಎಲ್ಲ ಪತ್ರಿಕೆಗಳಲ್ಲಿತ್ತು. ನಮ್ಮ ಶಾಲೆಗಳ ಲ್ಯಾಬಿನ ಮಾತು ಬೇರೆ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ (2017ರಿಂದ ಅದು ಕೈಟ್) ಶಾಲೆಗಳನ್ನು ಗ್ನು/ಲಿನಕ್ಸ್‌ಗೆ ತಂದದ್ದರಿಂದ, ವಿಂಡೋಸಿಗಾಗಿ ಬರೆದ ಈ ಪಿಡುಗು ಅಲ್ಲಿ ಓಡುವಂತಿರಲಿಲ್ಲ. ಹಾಗೆಂದು ಲಿನಕ್ಸಿಗೆ ಏನೂ ತಗಲದು ಎಂದು ಮಕ್ಕಳಿಗೆ ಹೇಳಬಾರದು. ಲಿನಕ್ಸ್ ಸರ್ವರುಗಳನ್ನು ಹಿಡಿಯುವ ಸುಲಿಗೆ ತಂತ್ರಾಂಶಗಳೂ ಇವೆ.

ಮುಂದಿನ ವರ್ಷಗಳಲ್ಲಿ ಇದು ಮತ್ತೆ ಮತ್ತೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಕಂಪ್ಯೂಟರುಗಳು ನಿಂತಾಗ, ಆಂಬುಲೆನ್ಸಿನಲ್ಲಿ ಬಂದ ಮಹಿಳೆಯೊಬ್ಬರನ್ನು ಬೇರೆ ಊರಿಗೆ ಒಯ್ಯಬೇಕಾಯಿತು, ಅವರು ತೀರಿಕೊಂಡರು. ಸುಲಿಗೆ ತಂತ್ರಾಂಶದಿಂದ ಆದ ಮೊದಲ ಸಾವು ಎಂದು ಜಗತ್ತೆಲ್ಲ ಸುದ್ದಿಯಾಯಿತು. ಅವರು ಹೇಗೂ ಉಳಿಯುತ್ತಿರಲಿಲ್ಲವೋ ಏನೋ, ಸಾವಿಗೆ ಇದೇ ಕಾರಣ ಎಂದು ಸಾಧಿಸಲಾಗದು ಎಂದು ತನಿಖೆಯವರು ಕೊನೆಗೆ ಹೇಳಿದರು. ಈ ಎರಡನೆಯ ಮಾತು ಮೊದಲನೆಯದರಷ್ಟು ಹರಡಲಿಲ್ಲ. 2021ರ ಮೇ ತಿಂಗಳಲ್ಲಿ ಐರ್ಲೆಂಡಿನ ಇಡೀ ಸರಕಾರಿ ಆರೋಗ್ಯ ಸೇವೆಯ ಕಂಪ್ಯೂಟರುಗಳನ್ನೇ ನಿಲ್ಲಿಸಬೇಕಾಯಿತು. ಎರಡು ತಿಂಗಳ ಹಿಂದೆ ಒಂದು ಇಮೇಲಿನೊಂದಿಗೆ ಬಂದ ಎಕ್ಸೆಲ್ ಕಡತವನ್ನು ಯಾರೋ ತೆರೆದಿದ್ದರು, ಅಷ್ಟೇ. 2022ರ ನವೆಂಬರ್ 23ರಂದು ನಮ್ಮ ದೆಹಲಿಯ ಏಮ್ಸ್ ಸರದಿ. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗದ ಒಳಗೆ ಸೇರಿತು. ಹೊರರೋಗಿ ವಿಭಾಗದಲ್ಲಿ ಮತ್ತೆ ಪೆನ್ನು ಕಾಗದ ಹಿಡಿದರು.

ಇಷ್ಟರವರೆಗಿನದು ಬೀಗ ಹಾಕುವ ಕಥೆ. ಇದಕ್ಕಿಂತ ಕ್ರೂರವಾದದ್ದು ಫಿನ್‌ಲ್ಯಾಂಡಿನಲ್ಲಿ ನಡೆಯಿತು. ಅಲ್ಲಿ ವಸ್ತಾಮೊ ಎಂಬ ಖಾಸಗಿ ಸಂಸ್ಥೆ ಮಾನಸಿಕ ಚಿಕಿತ್ಸೆ ಕೊಡುವ ಕೇಂದ್ರಗಳನ್ನು ನಡೆಸುತ್ತಿತ್ತು. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಬಂದವರ ಮಾತುಗಳನ್ನು ಚಿಕಿತ್ಸಕರು ಬರೆದಿಡುತ್ತಿದ್ದರು, ಅವು ಸಂಸ್ಥೆಯ ಕಂಪ್ಯೂಟರಿನಲ್ಲಿದ್ದವು. ಸುಮಾರು 33,000 ಜನರ ಕಡತಗಳು ಕಳವಾದವು. 2020ರ ಅಕ್ಟೋಬರಿನಲ್ಲಿ ಕಳ್ಳ ಸಂಸ್ಥೆಯಿಂದ 40 ಬಿಟ್‌ಕಾಯಿನ್ ಕೇಳಿದ್ದು ಬಯಲಾಯಿತು. ಹಣ ಸಿಗದಿದ್ದಾಗ ದಿನಕ್ಕೆ ನೂರು ಜನರಂತೆ ಅವರ ಖಾಸಗಿ ಮಾತುಗಳನ್ನು ಅಂತರ್ಜಾಲದಲ್ಲಿ ಹಾಕತೊಡಗಿದ. ಅದೂ ಸಾಲದೆ ನೇರವಾಗಿ ರೋಗಿಗಳಿಗೇ ಇಮೇಲ್ ಕಳುಹಿಸಿದ: 200 ಯೂರೋ ಕೊಡಿ, ಇಲ್ಲವಾದರೆ ನೀವು ನಿಮ್ಮ ಚಿಕಿತ್ಸಕರಿಗೆ ಹೇಳಿದ್ದೆಲ್ಲ ಊರಿಗೇ ಗೊತ್ತಾಗುತ್ತದೆ.

ಯೋಚಿಸಿ ನೋಡಿ. ಬೀಗ ಹಾಕಿದ ಕಡತವನ್ನು ತೆರೆಯಬಹುದು, ಕಳೆದದ್ದನ್ನು ಮತ್ತೆ ಬರೆಯಬಹುದು. ಹೊರಗೆ ಬಿದ್ದ ಗುಟ್ಟನ್ನು ಒಳಗೆ ಹಾಕುವುದು ಹೇಗೆ? ಮನೆಯವರಿಗೂ ಹೇಳದ ಮಾತನ್ನು ನಂಬಿ ಹೇಳಿಕೊಂಡವರು ಅವರು. ಇನ್ನು ಮುಂದೆ ಬೇರೆಯವರಾದರೂ ವೈದ್ಯರ ಹತ್ತಿರ ಹೋಗಲು ಹಿಂಜರಿದರೆ ಅದನ್ನು ಯಾವ ನಷ್ಟದ ಲೆಕ್ಕಕ್ಕೆ ಸೇರಿಸುವುದು? ಸಂಸ್ಥೆ 2021ರಲ್ಲಿ ದಿವಾಳಿಯಾಯಿತು. ಆರೋಪಿ ಅಲೆಕ್ಸಾಂಟೆರಿ ಕಿವಿಮಾಕಿ ಎಂಬಾತನಿಗೆ 2024ರ ಏಪ್ರಿಲಿನಲ್ಲಿ ಜಿಲ್ಲಾ ನ್ಯಾಯಾಲಯ ಆರು ವರ್ಷ ಮೂರು ತಿಂಗಳ ಸೆರೆವಾಸ ವಿಧಿಸಿತು.

ಇದನ್ನೆಲ್ಲ ನಮ್ಮ ಶಾಲಾ ಬಳಗಕ್ಕೆ ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮ ಕೈಯಲ್ಲೂ ಇಂಥ ಗುಟ್ಟುಗಳಿವೆ. ಯಾವ ಮಗುವಿಗೆ ಅಪಸ್ಮಾರ, ಯಾರಿಗೆ ಕಿವಿ ಮಂದ, ಯಾರ ಅಂಗವಿಕಲ ಪ್ರಮಾಣಪತ್ರದಲ್ಲಿ ಏನು ಬರೆದಿದೆ, ಯಾರ ರಕ್ತದ ಪರೀಕ್ಷೆ ಏನಾಯಿತು ಎಂಬುದೆಲ್ಲ ತರಗತಿ ಅಧ್ಯಾಪಕರಿಗೆ ಗೊತ್ತು. "ನಾಳೆಯೊಳಗೆ ಪಟ್ಟಿ ಕಳುಹಿಸಿ" ಎಂದು ಮೇಲಿನಿಂದ ಕರೆ ಬಂದರೆ ನಾವು ಏನು ಮಾಡುತ್ತೇವೆ? ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಇನ್ನೂರು ಜನರ ಮೊಬೈಲಿಗೆ ಆ ಮಗುವಿನ ಹೆಸರು, ಆಧಾರ್ ಸಂಖ್ಯೆ, ಕಾಯಿಲೆ ಎಲ್ಲ ಒಟ್ಟಿಗೆ ಹೋಗುತ್ತದೆ. ಇದಕ್ಕೆ ಕಳ್ಳನೇ ಬೇಕಾಗಿಲ್ಲ! ಬೇಕಾದವರೊಬ್ಬರಿಗೆ ಮಾತ್ರ ಕಳುಹಿಸಲು ಹೆಚ್ಚೆಂದರೆ ಎರಡು ನಿಮಿಷ ಬೇಕು.

ಪಾಪ್‌ನ ಲಕೋಟೆಯೂ ಇನ್ನೂ ಬರುತ್ತಲೇ ಇದೆ, ವೇಷ ಮಾತ್ರ ಬೇರೆ. 2021ರ ಏಪ್ರಿಲ್-ಮೇ ತಿಂಗಳಲ್ಲಿ, ಕೋವಿಡ್ ಲಸಿಕೆಗಾಗಿ ಊರೆಲ್ಲ ಮೊಬೈಲ್ ಹಿಡಿದು ಕೂತಿದ್ದಾಗ, ಲಸಿಕೆಗೆ ಹೆಸರು ನೋಂದಾಯಿಸುವ ಆ್ಯಪ್ ಎಂಬ ಎಸ್‌ಎಂಎಸ್ ಹರಿದಾಡಿತು. ಅದನ್ನು ಹಾಕಿಕೊಂಡವರ ಮೊಬೈಲಿನಿಂದ ಅದೇ ಸಂದೇಶ ಅವರ ಪರಿಚಯದವರಿಗೆಲ್ಲ ತಾನಾಗಿ ಹೋಗುತ್ತಿತ್ತು. ಕೇಂದ್ರ ಸರಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆ ಕೊಟ್ಟಿತು. ಅಮ್ಮನಿಗೆ ಲಸಿಕೆ ಸಿಕ್ಕರೆ ಸಾಕು ಎಂದು ತವಕಿಸುವವರು ಕೊಂಡಿಯನ್ನು ಒತ್ತದೆ ಇರುತ್ತಾರೆಯೇ? ಅವರನ್ನು ದಡ್ಡರು ಎನ್ನಲು ನನಗೆ ಮನಸ್ಸಿಲ್ಲ. 1989ರಲ್ಲಿ ಫ್ಲಾಪಿ ಹಾಕಿದವರಲ್ಲಿ ವೈದ್ಯರೂ ಸಂಶೋಧಕರೂ ಇದ್ದರಲ್ಲ!

ಇನ್ನು ಶಾಲಾ ಕಚೇರಿಯ ವಿಚಾರ. ಏಮ್ಸ್‌ನ ಇ-ಹಾಸ್ಪಿಟಲ್ ಮಾಹಿತಿ ಕೊನೆಗೆ ಮರಳಿ ಬಂದದ್ದು ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರಿನಿಂದ. ನಮ್ಮಲ್ಲೂ ಹಲವರು ಬ್ಯಾಕಪ್ ಇಡುತ್ತಾರೆ. ಆದರೆ ಆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ವರ್ಷಪೂರ್ತಿ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತದೆ. ಈಗಿನ ಸುಲಿಗೆ ತಂತ್ರಾಂಶಗಳು ಚುಚ್ಚಿಕೊಂಡಿರುವ ಡಿಸ್ಕುಗಳನ್ನೂ ಹುಡುಕಿ ಬೀಗ ಹಾಕುತ್ತವೆ. ನಕಲು ತೆಗೆದ ಕೂಡಲೇ ತಂತಿ ಕಿತ್ತು, ಮೇಲೆ ತಾರೀಕು ಬರೆದು, ದಾಖಲಾತಿ ಪುಸ್ತಕ ಇಡುವ ಕಪಾಟಿನಲ್ಲೇ ಇಟ್ಟರಾಯಿತು. ಎರಡನೆಯ ನಕಲೊಂದು ಬೇರೆ ಕಟ್ಟಡದಲ್ಲಿದ್ದರೆ ಇನ್ನೂ ಒಳ್ಳೆಯದು, ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ.